ಪರದೆ ಕೂತಿತು, ಮಗು ನೋಡಿತೇ? ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಆಪರೇಷನ್

ಕೂಸಿನ ಕಣ್ಣಿನ ಪರದೆಯ ಆಪರೇಷನ್ ಮುಗಿಸಿ ಹೊರಬಂದ ವೈದ್ಯರನ್ನು ಅಪ್ಪ ಅಮ್ಮ ಕೇಳುವುದು ಒಂದೇ ಪ್ರಶ್ನೆ: "ಸಕ್ಸಸ್ ಆಯ್ತಾ ಡಾಕ್ಟ್ರೇ?" ಇದಕ್ಕೆ ಎರಡು ಉತ್ತರಗಳಿವೆ, ಎರಡೂ ಒಂದೇ ದಿನ ಸಿಗುವುದಿಲ್ಲ. ಕಳಚಿದ್ದ ಪರದೆ, ಅಂದರೆ ಅಕ್ಷಿಪಟಲ, ತನ್ನ ಜಾಗಕ್ಕೆ ಮರಳಿ ಕೂತಿತೇ ಎಂಬುದು ಕೆಲವು ವಾರ, ಕೆಲವು ತಿಂಗಳಲ್ಲಿ ಗೊತ್ತಾಗುತ್ತದೆ. ಆ ಕಣ್ಣಿನಿಂದ ಮಗು ಏನು ನೋಡುತ್ತಿದೆ ಎಂದು ಸರಿಯಾಗಿ ಅಳೆಯಬೇಕಾದರೆ ಅದು ಮೂರು ನಾಲ್ಕು ವರ್ಷದ್ದಾಗಿ, ಚಿತ್ರದ ಚಾರ್ಟಿನ ಮುಂದೆ ಕೂತು "ಮನೆ", "ಸೇಬು" ಎಂದು ಗುರುತಿಸುವವರೆಗೆ ಕಾಯಬೇಕು. ಮೊದಲ ಉತ್ತರ "ಹೌದು" ಆಗಿದ್ದು ಎರಡನೆಯದು ಬರೀ "ಬೆಳಕು ಕಾಣುತ್ತದೆ" ಎಂಬಲ್ಲಿಗೆ ನಿಲ್ಲುವುದು ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಹಾಗಾಗುತ್ತದೋ ಇಲ್ಲವೋ ಎಂಬುದು ಶಸ್ತ್ರವೈದ್ಯರ ಕೈಚಳಕಕ್ಕಿಂತ ಹೆಚ್ಚಾಗಿ ಮಗು ಅವರ ಮೇಜಿಗೆ ಬಂದ ವಾರದ ಮೇಲೆ ನಿಂತಿದೆ.

ಮಕ್ಕಳ ಅಕ್ಷಿಪಟಲಕ್ಕೆ ಬರುವ ತೊಂದರೆಗಳು ಹಲವು. ಪಟಾಕಿಯಿಂದಲೋ ಚಿನ್ನಿದಾಂಡಿನ ಪೆಟ್ಟಿನಿಂದಲೋ ಪರದೆ ಹರಿಯುತ್ತದೆ. ವಂಶವಾಹಿಯಲ್ಲೇ ಬರುವ ರೋಗಗಳಿವೆ. ರಕ್ತನಾಳ ಸೋರಿ ಪರದೆಯಡಿ ಕೊಬ್ಬಿನಂಥ ಹಳದಿ ಪದಾರ್ಥ ತುಂಬುವ ಕೋಟ್ಸ್ ಕಾಯಿಲೆಯಿದೆ. ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಕಷ್ಟವೆಂದರೆ ಮಗು ದೂರು ಹೇಳುವುದಿಲ್ಲ. ಒಂದು ಕಣ್ಣು ಪೂರ್ತಿ ಹೋಗಿದ್ದರೂ ಇನ್ನೊಂದರಿಂದ ಆರಾಮಾಗಿ ಆಡಿಕೊಂಡಿರುತ್ತದೆ. ಮೆಳ್ಳೆಗಣ್ಣಾಯಿತು ಎಂದು ಮನೆಯವರು ಗಮನಿಸುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಇಷ್ಟು ಹೇಳಿ ಆ ರೋಗಗಳನ್ನು ಬದಿಗಿಡುತ್ತೇನೆ. ಈ ಲೇಖನ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಬರುವ ಅಕ್ಷಿಪಟಲದ ರೋಗದ ಕುರಿತು. ಆಸ್ಪತ್ರೆಗಳಲ್ಲಿ ಎಲ್ಲರೂ ಅದನ್ನು ಆರ್‌ಒಪಿ ಎಂದೇ ಕರೆಯುತ್ತಾರೆ.

ಅಕ್ಷಿಪಟಲ ಅಂದರೆ ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡಿರುವ ತೆಳ್ಳನೆಯ ನರಪೊರೆ. ಅದಕ್ಕೆ ರಕ್ತ ಒದಗಿಸುವ ನಾಳಗಳು ಗರ್ಭದ 16ನೇ ವಾರದ ಸುಮಾರಿಗೆ ಕಣ್ಣಿನ ನರದ ಬುಡದಿಂದ ಹೊರಟು, ಸುತ್ತಲೂ ಅಂಚಿನ ಕಡೆಗೆ ಬೆಳೆಯುತ್ತ ಹೋಗುತ್ತವೆ. ಮೂಗಿನ ಕಡೆಯ ಅಂಚನ್ನು ಮುಟ್ಟುವುದು 36ನೇ ವಾರದ ಹೊತ್ತಿಗೆ, ಕಿವಿಯ ಕಡೆಯದು ಸ್ವಲ್ಪ ದೂರವಾದ್ದರಿಂದ 40ನೇ ವಾರದ ಹೊತ್ತಿಗೆ. ಅಂದರೆ 28 ವಾರಕ್ಕೇ ಹುಟ್ಟಿದ ಮಗುವಿನಲ್ಲಿ ಈ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಪರದೆಯ ನಡುಭಾಗಕ್ಕೆ ರಕ್ತವಿದೆ, ಹೊರವಲಯಕ್ಕೆ ಇನ್ನೂ ಇಲ್ಲ.

ಹೊಟ್ಟೆಯೊಳಗೆ ಮಗುವಿನ ರಕ್ತದಲ್ಲಿ ಆಮ್ಲಜನಕದ ಮಟ್ಟ ಕಡಿಮೆ. ಹೊರಗೆ ಬಂದ ಕೂಡಲೇ ಅದು ಏರುತ್ತದೆ, ಉಸಿರಾಟಕ್ಕೆ ಆಕ್ಸಿಜನ್ ಕೊಟ್ಟರೆ ಇನ್ನೂ ಏರುತ್ತದೆ. ರಕ್ತನಾಳ ಬೆಳೆಯಲು ಹೇಳುವ ವಿಇಜಿಎಫ್ ಎಂಬ ಪ್ರೋಟೀನು ಆಮ್ಲಜನಕ ಕಡಿಮೆಯಿದ್ದಾಗ ಮಾತ್ರ ಚೆನ್ನಾಗಿ ಉತ್ಪತ್ತಿಯಾಗುವಂಥದ್ದು. ಆಮ್ಲಜನಕ ಧಾರಾಳವಾದಾಗ ಅದು ಕುಸಿಯುತ್ತದೆ, ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ವಾರ ಹೀಗೇ ಕಳೆಯುತ್ತದೆ. ಅಷ್ಟರಲ್ಲಿ ಮಗು ಬೆಳೆಯುತ್ತ, ರಕ್ತವಿಲ್ಲದ ಆ ಹೊರವಲಯದ ಜೀವಕೋಶಗಳೂ ಬಲಿತು ಹಸಿಯತೊಡಗುತ್ತವೆ. ಆಗ ವಿಇಜಿಎಫ್ ಒಮ್ಮೆಗೇ ಉಕ್ಕುತ್ತದೆ. ನಾಳಗಳು ಮತ್ತೆ ಚಿಗುರುತ್ತವೆ, ಆದರೆ ಪರದೆಯ ಮೇಲೆ ಹಬ್ಬದೆ, ಕಣ್ಣಿನ ನಡುವೆ ತುಂಬಿರುವ ಲೋಳೆಯೊಳಕ್ಕೆ ಏಳುತ್ತವೆ. ಅವುಗಳ ಜೊತೆಗೆ ನಾರಿನಂಥ ಅಂಗಾಂಶವೂ ಬೆಳೆಯುತ್ತದೆ. ಗಾಯದ ಕಲೆ ಒಣಗಿ ಬಿಗಿಯುವ ಹಾಗೆ ಇದೂ ಬಿಗಿಯುತ್ತದೆ, ಬಿಗಿಯುತ್ತ ಪರದೆಯನ್ನು ಗೋಡೆಯಿಂದ ಎಳೆದು ಕೀಳುತ್ತದೆ.

ಈ ರೋಗದ ಹಿಂದೆ ವೈದ್ಯಲೋಕದ ಒಂದು ಕಹಿ ಇತಿಹಾಸವಿದೆ. 1942ರಲ್ಲಿ ಬೋಸ್ಟನ್‌ನ ಥಿಯೋಡರ್ ಟೆರಿ ಇದನ್ನು ಮೊದಲು ವರದಿ ಮಾಡಿದರು. ಇನ್‌ಕ್ಯುಬೇಟರಿನಲ್ಲಿ ಯಥೇಚ್ಛ ಆಮ್ಲಜನಕ ಕೊಟ್ಟು ಮಕ್ಕಳನ್ನು ಉಳಿಸುತ್ತಿದ್ದ ಕಾಲ ಅದು. 1950ರಲ್ಲಿ ಹುಟ್ಟಿದ ಅಮೆರಿಕದ ಗಾಯಕ ಸ್ಟೀವಿ ವಂಡರ್ ಕುರುಡರಾದದ್ದು ಹೀಗೇ. 1951ರಲ್ಲಿ ಮೆಲ್ಬರ್ನಿನ ಮಕ್ಕಳ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ಆಮ್ಲಜನಕದ ಕಡೆ ಬೆರಳು ತೋರಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರಯೋಗಗಳು ಅದನ್ನು ಖಚಿತಪಡಿಸಿದವು. ಕೂಡಲೇ ಎಲ್ಲರೂ ಆಮ್ಲಜನಕವನ್ನು ಬಿಗಿಹಿಡಿದರು. ಕುರುಡುತನ ಇಳಿಯಿತು, ಸಾವು ಏರಿತು. ಈ ಜಗ್ಗಾಟ ಈಗಲೂ ಪೂರ್ತಿ ಮುಗಿದಿಲ್ಲ. 2010ರಲ್ಲಿ ಪ್ರಕಟವಾದ 'ಸಪೋರ್ಟ್' ಅಧ್ಯಯನದಲ್ಲಿ ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು (ಸ್ಯಾಚುರೇಷನ್) ಶೇ. 85–89ಕ್ಕೆ ಇಳಿಸಿದ ಗುಂಪಿನಲ್ಲಿ ತೀವ್ರ ಆರ್‌ಒಪಿ ಅರ್ಧಕ್ಕೆ ಇಳಿಯಿತು, ಸಾವು ಮಾತ್ರ ಶೇ. 16ರಿಂದ ಸುಮಾರು 20ಕ್ಕೆ ಏರಿತು. ಇವತ್ತು ಬಹುತೇಕ ಘಟಕಗಳು ಮಾನಿಟರಿನಲ್ಲಿ ಶೇ. 90–95 ಕಾಯ್ದುಕೊಳ್ಳಲು ನೋಡುತ್ತವೆ. ಜೀವ ಮೊದಲು, ಕಣ್ಣು ಆಮೇಲೆ. ಆದ್ದರಿಂದಲೇ ಬದುಕಿ ಉಳಿದ ಕೂಸಿನ ಕಣ್ಣನ್ನು ಹುಡುಕಿಕೊಂಡು ಹೋಗಿ ನೋಡಬೇಕಾಗುತ್ತದೆ.

ರೋಗಕ್ಕೆ ಐದು ಹಂತ. ಮೊದಲೆರಡರಲ್ಲಿ ರಕ್ತವಿರುವ ಮತ್ತು ಇಲ್ಲದ ಭಾಗದ ನಡುವೆ ಒಂದು ಗೆರೆ, ಆಮೇಲೆ ಅದೇ ಗೆರೆ ದಪ್ಪಗಾಗಿ ಬದುವಿನಂತೆ ಏಳುತ್ತದೆ. ಇವು ಬಹಳಷ್ಟು ಮಕ್ಕಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಮೂರನೆಯದರಲ್ಲಿ ಹೊಸ ನಾಳಗಳು ಲೋಳೆಯೊಳಕ್ಕೆ ಏಳುತ್ತವೆ. ನಾಲ್ಕರಲ್ಲಿ ಪರದೆಯ ಒಂದು ಭಾಗ ಕಳಚಿರುತ್ತದೆ. ನೇರದೃಷ್ಟಿಯ ಕೇಂದ್ರವಾದ ಮ್ಯಾಕ್ಯುಲಾ ಇನ್ನೂ ಗೋಡೆಗೆ ಅಂಟಿಕೊಂಡಿದ್ದರೆ ಅದು 4ಎ, ಅದೂ ಕಳಚಿದ್ದರೆ 4ಬಿ. ಐದರಲ್ಲಿ ಪೂರ್ತಿ ಪರದೆ ಕಿತ್ತು ಬಂದು ಆಲಿಕೆಯಂತೆ ಮಡಚಿಕೊಂಡು ಮಸೂರದ ಹಿಂದೆ ಸೇರಿರುತ್ತದೆ. ಹಂತದ ಜೊತೆಗೆ ವೈದ್ಯರು ಇನ್ನೊಂದನ್ನೂ ನೋಡುತ್ತಾರೆ: ನರದ ಬುಡದ ನಾಳಗಳು ಉಬ್ಬಿ ಸುರುಳಿ ಸುರುಳಿಯಾಗಿವೆಯೇ? ಹಾಗಿದ್ದರೆ 'ಪ್ಲಸ್' ಎಂದು ಬರೆಯುತ್ತಾರೆ. ಫೈಲಿನಲ್ಲಿ ಆ ಪದ ಕಂಡರೆ ಗಡಿಯಾರ ಓಡುತ್ತಿದೆ ಎಂದು ತಿಳಿಯಬೇಕು. ಚಿಕಿತ್ಸೆ ಬೇಕೆಂದು ತೀರ್ಮಾನವಾದ ಮೇಲೆ 48ರಿಂದ 72 ಗಂಟೆಯೊಳಗೆ ಅದು ಆಗಬೇಕು ಎಂಬುದು ಒಪ್ಪಿತ ನಿಯಮ.

ಮೂರನೇ ಹಂತದವರೆಗೆ ಕತ್ತರಿ ಬೇಕಿಲ್ಲ. ಹೊರವಲಯದ ಹಸಿದ ಪರದೆಯನ್ನೇ ಸುಟ್ಟರೆ ವಿಇಜಿಎಫ್ ಇಳಿಯುತ್ತದೆ ಎಂಬುದು ತರ್ಕ. ಹೊರಗಿನಿಂದ ಹೆಪ್ಪುಗಟ್ಟಿಸುವ ಕ್ರಯೋ ವಿಧಾನದಿಂದ ಕೆಟ್ಟ ಫಲಿತಾಂಶ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 1988ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಆಮೇಲೆ ಲೇಸರ್ ಬಂತು. ಪ್ರತಿ ಕಣ್ಣಿಗೆ ಸಾವಿರಕ್ಕೂ ಹೆಚ್ಚು ಚುಕ್ಕೆ ಇಡಬೇಕಾಗಿ ಬರಬಹುದು. ಕಾಯದೆ ಸ್ವಲ್ಪ ಮೊದಲೇ ಲೇಸರ್ ಮಾಡಿದರೆ ಏನಾಗುತ್ತದೆಂದು ನೋಡಿದ 2003ರ 'ಇಟಿರಾಪ್' ಅಧ್ಯಯನದಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ಪರದೆ ಕೆಟ್ಟ ಕಣ್ಣುಗಳು ಶೇ. 15.6ರಿಂದ 9.1ಕ್ಕೆ ಇಳಿದವು. ಕಳೆದು ನೋಡಿದರೆ ನೂರರಲ್ಲಿ ಆರೋ ಏಳೋ ಕಣ್ಣು ಉಳಿದದ್ದು ಬರೀ ಬೇಗ ಮಾಡಿದ್ದರಿಂದ.

ಈಗ ಇಂಜೆಕ್ಷನ್ ಕೂಡ ಇದೆ. ವಿಇಜಿಎಫ್ ಅನ್ನು ತಡೆಯುವ ಔಷಧವನ್ನು ಒಂದು ಹನಿಗಿಂತ ಕಡಿಮೆ ಪ್ರಮಾಣದಲ್ಲಿ ಕಣ್ಣಿನೊಳಕ್ಕೆ ಹಾಕುತ್ತಾರೆ. ಕೆಲವೇ ದಿನಗಳಲ್ಲಿ ನಾಳಗಳು ಒಣಗುತ್ತವೆ, ಹೊರವಲಯ ಸುಡದೆ ಉಳಿಯುತ್ತದೆ, ನಡುಭಾಗದ ಹತ್ತಿರವೇ ರೋಗ ಎದ್ದಾಗ ಲೇಸರಿಗಿಂತ ಇದೇ ಚೆನ್ನ. ಆದರೆ ನನಗೆ ಇದರ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2011ರ 'ಬೀಟ್-ರಾಪ್' ಅಧ್ಯಯನದಲ್ಲಿ ಲೇಸರ್ ಆದ ಕಣ್ಣುಗಳಲ್ಲಿ ರೋಗ ಮರುಕಳಿಸಿದ್ದು ಸರಾಸರಿ ಆರು ವಾರಕ್ಕೆ, ಇಂಜೆಕ್ಷನ್ ಆದವುಗಳಲ್ಲಿ ಹದಿನಾರು ವಾರಕ್ಕೆ. ಅಂದರೆ "ಚೆನ್ನಾಗಾಯ್ತು" ಎಂದು ಊರಿಗೆ ಹೋಗಿ, ನಾಮಕರಣ ಮುಗಿಸಿ, ಕಣ್ಣಿನ ಮಾತೇ ಮರೆತ ಮೇಲೆ ರೋಗ ಮತ್ತೆ ತಲೆಯೆತ್ತಬಹುದು. ತಪಾಸಣೆಗೆ ಬರುವುದು ಖಾತ್ರಿಯಿಲ್ಲದ ಮನೆಗೆ ಇಂಜೆಕ್ಷನ್ ಒಂದನ್ನೇ ಕೊಟ್ಟು ಕಳಿಸಲು ಅನುಭವಿ ವೈದ್ಯರು ಹಿಂದೆಮುಂದೆ ನೋಡುವುದು ಇದಕ್ಕೇ. ಜೊತೆಗೆ, ನಾರು ಆಗಲೇ ದಟ್ಟವಾಗಿದ್ದ ಕಣ್ಣಿಗೆ ಈ ಔಷಧ ಹೋದರೆ ಅದು ಸರಕ್ಕನೆ ಬಿಗಿದು ಪರದೆಯನ್ನು ಇನ್ನಷ್ಟು ಕೀಳುವ ಅಪಾಯವೂ ಉಂಟು.

ಲೇಸರ್, ಇಂಜೆಕ್ಷನ್ ಎರಡನ್ನೂ ಮೀರಿ, ಅಥವಾ ಎರಡೂ ಸಿಗದೆ, ಪರದೆ ಕಳಚಲು ಶುರುವಾದರೆ ಆಗ ವಿಟ್ರೆಕ್ಟಮಿ, ಅಂದರೆ ಕಣ್ಣಿನೊಳಗಿನ ಲೋಳೆಯನ್ನು ಕತ್ತರಿಸಿ ತೆಗೆಯುವ ಆಪರೇಷನ್.

ಇದನ್ನು ದೊಡ್ಡವರ ಆಪರೇಷನ್ನಿನ ಚಿಕ್ಕ ಆವೃತ್ತಿ ಎಂದುಕೊಂಡರೆ ತಪ್ಪು. ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ನವಜಾತ ಶಿಶುವಿನದು 16–17, ಆದರೆ ಅದರೊಳಗಿನ ಮಸೂರ ಮಾತ್ರ ಗಾತ್ರಕ್ಕೆ ಹೋಲಿಸಿದರೆ ತೀರ ದೊಡ್ಡದು. ದೊಡ್ಡವರಲ್ಲಿ ಕರಿಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ಹಿಂದೆ ಉಪಕರಣ ತೂರಿಸಿದರೆ ಮಸೂರಕ್ಕೂ ತಾಗದ, ಪರದೆಗೂ ತಾಗದ ಒಂದು ಸುರಕ್ಷಿತ ಪಟ್ಟಿ ಸಿಗುತ್ತದೆ. ಕೂಸಿನಲ್ಲಿ ಆ ಪಟ್ಟಿ ಇನ್ನೂ ರೂಪುಗೊಂಡಿರುವುದೇ ಇಲ್ಲ. ದೊಡ್ಡವರ ಅಳತೆಯಲ್ಲಿ ತೂರಿಸಿದರೆ ನೇರ ಪರದೆಯನ್ನೇ ಚುಚ್ಚಿದಂತೆ. ಹಾಗಾಗಿ ಅಂಚಿನಿಂದ ಅರ್ಧ ಅಥವಾ ಒಂದು ಮಿಲಿಮೀಟರ್ ಹಿಂದೆ, ಅರ್ಧ ಮಿಲಿಮೀಟರಿಗಿಂತ ದಪ್ಪವಿಲ್ಲದ ಉಪಕರಣವನ್ನು, ಮಸೂರದ ಪಕ್ಕದಲ್ಲೇ ಹೆಚ್ಚುಕಡಿಮೆ ನೆಟ್ಟಗೆ ಹಿಂದಕ್ಕೆ ಇಳಿಸಬೇಕು. ಸ್ವಲ್ಪ ಒಳಕ್ಕೆ ವಾಲಿದರೆ ಮಸೂರಕ್ಕೆ ತಾಗಿ ಪೊರೆ ಬರುತ್ತದೆ, ಹೊರಕ್ಕೆ ವಾಲಿದರೆ ಪರದೆ ತೂತಾಗುತ್ತದೆ.

ಒಳಹೊಕ್ಕ ಮೇಲೂ ದೊಡ್ಡವರ ಲೆಕ್ಕ ನಡೆಯುವುದಿಲ್ಲ. ವಯಸ್ಸಾದವರ ಕಣ್ಣಿನ ಲೋಳೆ ನೀರಾಗಿ ಪರದೆಯಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಕೂಸಿನದು ಗಟ್ಟಿ ಅಂಟು. ನಾರಿನ ಪೊರೆಯನ್ನು ಪೂರ್ತಿ ಸುಲಿದು ತೆಗೆಯುತ್ತೇನೆಂದು ಹೊರಟರೆ ಪರದೆಯೂ ಜೊತೆಗೆ ಬರುತ್ತದೆ. ರೇಷ್ಮೆ ಸೀರೆಯಲ್ಲಿ ಒಂದು ಎಳೆ ಜಗ್ಗಿ ಬಟ್ಟೆ ನೆರಿಗೆಗಟ್ಟಿದಾಗ, ಆ ಎಳೆಯನ್ನು ಕಿತ್ತು ತೆಗೆಯಲು ಹೋಗದೆ ಮೆಲ್ಲಗೆ ಕತ್ತರಿಸಿ ಬಿಗಿ ಸಡಿಲಿಸುತ್ತಾರಲ್ಲ, ಇಲ್ಲಿಯೂ ಹಾಗೇ. ಬದುವಿನಿಂದ ಮಸೂರದ ಕಡೆಗೆ, ಬದುವಿನಿಂದ ಎದುರಿನ ಬದುವಿಗೆ, ಬದುವಿನಿಂದ ಅಂಚಿಗೆ ಎಳೆಯುತ್ತಿರುವ ಲೋಳೆಯನ್ನು ಕತ್ತರಿಸಿ ಬಿಡುತ್ತಾರೆ, ನಾರಿನ ತುಣುಕು ಪರದೆಯ ಮೇಲೆ ಉಳಿದರೆ ಉಳಿಯಲಿ. ಎಳೆತ ಹೋದ ಮೇಲೆ ಪರದೆಯಡಿಯ ನೀರನ್ನು ಕಣ್ಣು ತಾನೇ ಹೀರಿಕೊಳ್ಳುತ್ತದೆ, ವಾರಗಟ್ಟಲೆ ಹಿಡಿದರೂ ಸರಿ. ಆಪರೇಷನ್ ಮಾಡುವಾಗ ಪರದೆಯಲ್ಲಿ ಒಂದು ತೂತಾದರೆ ಮಾತ್ರ ಕಥೆ ಬೇರೆ. ದೊಡ್ಡವರಲ್ಲಿ ಅದನ್ನು ಲೇಸರ್ ಹಾಕಿ ಮುಚ್ಚಿ ಮುಂದೆ ಹೋಗಬಹುದು, ಈ ಕೂಸುಗಳಲ್ಲಿ, ಅದರಲ್ಲೂ ಮುಂದುವರಿದ ಹಂತದಲ್ಲಿ, ಬಹುಪಾಲು ಆ ಕಣ್ಣಿನ ಆಸೆ ಬಿಟ್ಟಂತೆಯೇ.

ಆಪರೇಷನ್ ಕೋಣೆಯ ಅರ್ಧ ಆತಂಕ ಕಣ್ಣಿನದಲ್ಲ, ಉಸಿರಿನದು. ಎರಡು ಕಿಲೋ ಮೂರು ಕಿಲೋ ತೂಕದ, ಶ್ವಾಸಕೋಶ ಇನ್ನೂ ಪಕ್ವವಾಗದ ಮಗು. ಎಸಿ ಆರಿಸಿ ಕೋಣೆ ಬೆಚ್ಚಗಿಡಬೇಕು. ಅರಿವಳಿಕೆ ಇಳಿದ ಮೇಲೆ ಮಗು ಉಸಿರಾಡುವುದನ್ನೇ ಮರೆತು ನಿಲ್ಲಿಸುವ ಸಾಧ್ಯತೆ ಇರುವುದರಿಂದ ರಾತ್ರಿಯಿಡೀ ಮಾನಿಟರ್ ಮೇಲೆ ಕಣ್ಣಿಟ್ಟಿರಬೇಕು. ಮಕ್ಕಳ ತಜ್ಞರೂ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಕೂಡ ಇಲ್ಲದ ಕಣ್ಣಿನ ಆಸ್ಪತ್ರೆಯಲ್ಲಿ ಇದನ್ನು ಮಾಡುವಂತಿಲ್ಲ. ಎರಡೆರಡು ಸಲ ಅರಿವಳಿಕೆ ಕೊಡುವ ಅಪಾಯ ಬೇಡವೆಂದು ಒಮ್ಮೊಮ್ಮೆ ಒಂದೇ ಸಲಕ್ಕೆ ಎರಡೂ ಕಣ್ಣು ಮುಗಿಸುತ್ತಾರೆ. ಆಗ ಎರಡನೇ ಕಣ್ಣನ್ನು ಬೇರೆಯೇ ರೋಗಿ ಎಂಬಂತೆ ನೋಡಿಕೊಳ್ಳುತ್ತಾರೆ: ಹೊಸ ಗೌನು, ಹೊಸ ಗ್ಲೌಸು, ಹೊಸ ಉಪಕರಣಗಳ ತಟ್ಟೆ.

ಇನ್ನು ಫಲಿತಾಂಶ. ಮಸೂರವನ್ನು ಉಳಿಸಿಕೊಂಡೇ ಮಾಡುವ ಈ ವಿಟ್ರೆಕ್ಟಮಿಯನ್ನು ಬೆಳೆಸಿದವರಲ್ಲಿ ಅಮೆರಿಕದ ಮಿಶಿಗನ್‌ನ ಮೈಕಲ್ ಟ್ರೀಸ್ ಮುಖ್ಯರು. ಅವರೂ ಆಂಟೊನಿಯೊ ಕಪೋನೆಯೂ 2001ರಲ್ಲಿ 4ಎ ಹಂತದ 40 ಕಣ್ಣುಗಳ ಲೆಕ್ಕ ಕೊಟ್ಟರು: 36ರಲ್ಲಿ ಪರದೆ ಕೂತಿತ್ತು. ಅದೇ ತಂಡ ಮುಂದೆ ಇಂಥ ಮಕ್ಕಳ ದೃಷ್ಟಿಯನ್ನು ಅಳೆದಾಗ ಸರಾಸರಿ 6/18ರ ಆಸುಪಾಸಿಗೆ ಬಂತು. ಕನ್ನಡಕ ಹಾಕಿ ಮುಂದಿನ ಬೆಂಚಿನಲ್ಲಿ ಕೂತರೆ ಬೋರ್ಡು ಓದಬಲ್ಲ ದೃಷ್ಟಿ ಅದು, ಮಾಮೂಲಿ ಶಾಲೆಗೆ ಹೋಗಬಲ್ಲ ಮಗು.

4ಬಿಗೆ ಬಂದರೆ ಪರದೆ ಕೂರುವ ಪ್ರಮಾಣ ಇಳಿಯುತ್ತದೆ, ದೃಷ್ಟಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಮ್ಯಾಕ್ಯುಲಾ ಕಳಚಿದ್ದಷ್ಟು ದಿನ ಅದರ ಜೀವಕೋಶಗಳು ಪೋಷಣೆಯಿಲ್ಲದೆ ಸಾಯುತ್ತಿರುತ್ತವೆ. ಐದನೇ ಹಂತದಲ್ಲಿ ಮಸೂರವನ್ನೂ ತೆಗೆಯಬೇಕು, ನಾರಿನ ಪೊರೆಗಳನ್ನು ಒಂದೊಂದಾಗಿ ಬಿಡಿಸಿ ಮಡಚಿದ ಪರದೆಯನ್ನು ತೆರೆಯಬೇಕು. ಕೆಲವೊಮ್ಮೆ ಕರಿಗುಡ್ಡೆಯ ಪಾರದರ್ಶಕ ಭಾಗವನ್ನೇ ತಾತ್ಕಾಲಿಕವಾಗಿ ತೆಗೆದಿಟ್ಟು ಕೆಲಸ ಮಾಡಬೇಕಾಗುತ್ತದೆ. ಇಷ್ಟೆಲ್ಲ ಮಾಡಿಯೂ ಹೆಚ್ಚಿನ ಕಣ್ಣುಗಳಲ್ಲಿ ಪರದೆ ಕೂರುವುದಿಲ್ಲ. ಕೂತವುಗಳಲ್ಲೂ ಬಹುತೇಕ ಮಕ್ಕಳಿಗೆ ಬೆಳಕು, ನೆರಳು, ಕೈಯಾಡಿಸಿದ್ದು ಇಷ್ಟೇ ಕಾಣುವುದು. 4ಎಗೂ ಐದಕ್ಕೂ ನಡುವೆ ಕೆಲವೊಮ್ಮೆ ಎರಡೇ ವಾರದ ಅಂತರ.

ಹಾಗಾದರೆ ಐದನೇ ಹಂತಕ್ಕೆ ಆಪರೇಷನ್ ಮಾಡಬೇಕೇ ಎಂಬ ಬಗ್ಗೆ ಪರಿಣತರಲ್ಲೇ ಒಮ್ಮತವಿಲ್ಲ. ಬೇಡವೆನ್ನುವವರು ಅರಿವಳಿಕೆಯ ಅಪಾಯ, ಖರ್ಚು, ಹುಸಿ ಆಸೆ ಇವನ್ನು ಮುಂದಿಡುತ್ತಾರೆ. ಬೇಕೆನ್ನುವವರು, ಕತ್ತಲೆಗೂ ಬಾಗಿಲು ಎಲ್ಲಿದೆಯೆಂದು ತಿಳಿಸುವ ಮಸುಕು ಬೆಳಕಿಗೂ ಆ ಮಗುವಿನ ಬದುಕಿನಲ್ಲಿ ಭಾರೀ ವ್ಯತ್ಯಾಸವಿದೆ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡೂ ವಾದಗಳಲ್ಲಿ ತೂಕವಿದೆ. ಆದರೆ ಎರಡನೆಯದು ನ್ಯಾಯವಾಗುವುದು ಆಪರೇಷನ್ನಿಗೆ ಮೊದಲೇ ತಂದೆತಾಯಿಗೆ "ಗೆದ್ದರೂ ಸಿಗುವುದು ಇಷ್ಟು" ಎಂದು ಬಿಡಿಸಿ ಹೇಳಿದಾಗ ಮಾತ್ರ.

ಪರದೆ ಚೆನ್ನಾಗಿ ಕೂತ ಕಣ್ಣಿನಲ್ಲೂ ದೃಷ್ಟಿ ತಾನಾಗಿ ಬರುವುದಿಲ್ಲ. ನೋಡುವುದನ್ನು ಮೆದುಳು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ, ಆಗ ಚಿತ್ರ ಮಸುಕಾಗಿ ಬಂದರೆ ಮೆದುಳು ಆ ಕಣ್ಣನ್ನು ಕೈಬಿಡುತ್ತದೆ. ಈ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ವಿಪರೀತ, ಕೆಲವರಿಗೆ ಆರನೇ ತಿಂಗಳಿಗೇ ಕನ್ನಡಕ ಬೇಕು. ಮಸೂರ ತೆಗೆದ ಕಣ್ಣಿಗಂತೂ ತೀರ ದಪ್ಪ ಗಾಜು ಅಥವಾ ಕಾಂಟ್ಯಾಕ್ಟ್ ಲೆನ್ಸ್. ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಗಂಟೆ ಪಟ್ಟಿ ಕಟ್ಟಿ ಸೋತ ಕಣ್ಣಿಗೆ ಕೆಲಸ ಕೊಡಬೇಕು. ಪಟ್ಟಿ ಕಿತ್ತೆಸೆಯುವ ಮಗುವಿನ ಜೊತೆ ಈ ಗುದ್ದಾಟ ನಡೆಸುವವರು ಅಮ್ಮ, ಅಜ್ಜಿ, ಅಂಗನವಾಡಿಯ ಟೀಚರು. ಆಪರೇಷನ್ನಿಗೆ ಸಾಲ ಮಾಡಿದ ಮನೆಯಲ್ಲೇ "ಇಷ್ಟು ಚಿಕ್ಕ ಮಗೀಗೆ ಯಾಕೆ ಕನ್ನಡಕ, ನೋಡಿದವರು ಏನಂತಾರೆ" ಎಂದು ಅದನ್ನು ಬೀರುವಿನಲ್ಲಿಡುವುದೂ ಉಂಟು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಒಂದೂವರೆ ಕಿಲೋಗಿಂತ ಹಗುರದ, ಅಥವಾ 30 ವಾರದೊಳಗೆ ಹುಟ್ಟಿದ ಮಕ್ಕಳನ್ನು ಪರೀಕ್ಷಿಸಿದರೆ ಸಾಕಾಗುತ್ತದೆ. ಇಲ್ಲಿ ಅದಕ್ಕಿಂತ ದೊಡ್ಡ ಮಕ್ಕಳಿಗೂ ತೀವ್ರ ರೋಗ ಬರುತ್ತದೆ. ಗಾಳಿಯ ಜೊತೆ ಅಳತೆಯಾಗಿ ಬೆರೆಸದ ಆಮ್ಲಜನಕ, ಸೋಂಕು, ತೂಕ ಏರದಿರುವುದು ಎಲ್ಲವೂ ಕಾರಣ. ಅದಕ್ಕೇ ಭಾರತದ ಮಾರ್ಗಸೂಚಿ ಎರಡು ಕಿಲೋಗಿಂತ ಕಡಿಮೆ ತೂಕ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ ಎಲ್ಲ ಮಕ್ಕಳಿಗೂ, ಹುಟ್ಟಿದ ಮೂವತ್ತು ದಿನದೊಳಗೆ ಪರೀಕ್ಷೆ ಆಗಲೇಬೇಕು ಎನ್ನುತ್ತದೆ. ತೀರ ಚಿಕ್ಕವಕ್ಕೆ ಎರಡು ಮೂರು ವಾರಕ್ಕೇ. ಆ ಮೂವತ್ತು ದಿನ ಬೀಳುವುದು ಸರಿಯಾಗಿ ಬಾಣಂತನದ ನಡುವೆ. ತವರಿನ ಬೆಚ್ಚನೆ ಕೋಣೆಯಿಂದ ಕೂಸನ್ನು ಹೊರಗೆ ತರಲು ಹಿರಿಯರು ಒಪ್ಪುವುದಿಲ್ಲ. ಮೂರು ತಿಂಗಳು ಕಳೆದು ಪಾಪೆಯಲ್ಲಿ ಬಿಳಿ ಕಂಡಾಗ ಓಡಿಬರುತ್ತಾರೆ, ಆ ಬಿಳಿಯೇ ಐದನೇ ಹಂತ.

ಮಗು ಬರದಿದ್ದರೆ ಕ್ಯಾಮೆರಾ ಹೋಗಲಿ ಎಂಬ ಯೋಚನೆಗೆ ಕರ್ನಾಟಕವೇ ದೊಡ್ಡ ಉದಾಹರಣೆ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ನೇತೃತ್ವದಲ್ಲಿ 2008ರಲ್ಲಿ 'ಕಿಡ್‌ರಾಪ್' ಶುರುವಾಯಿತು. ವೈದ್ಯರಲ್ಲದ, ಆದರೆ ಚೆನ್ನಾಗಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಪಾಪೆ ಹಿಗ್ಗಲು ಹನಿ ಹಾಕಿ, ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆ ಅಗಲಿಸಿ, ಕ್ಯಾಮೆರಾದ ತುದಿಯನ್ನು ಜೆಲ್ ಮೇಲಿಟ್ಟು ಚಿತ್ರ ತೆಗೆಯುತ್ತಾರೆ. ಸ್ಥಳದಲ್ಲೇ ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ: ತುರ್ತು ಚಿಕಿತ್ಸೆ, ಮತ್ತೆ ಬನ್ನಿ, ಇನ್ನು ಬರಬೇಕಿಲ್ಲ. ಚಿತ್ರಗಳು ಇಂಟರ್ನೆಟ್ ಮೂಲಕ ಬೆಂಗಳೂರಿನ ತಜ್ಞರಿಗೆ ತಲುಪುತ್ತವೆ. ತೆಗೆಯುವಾಗ ಮಗು ಅಳುತ್ತದೆ, ಕಂಡ ಅಮ್ಮಂದಿರ ಜೀವ ಹೋಗುತ್ತದೆ. ಕೆಲವು ನಿಮಿಷಗಳ ಅಳು ಅದು, ಸಕ್ಕರೆ ನೀರಿಗೋ ಎದೆಹಾಲಿಗೋ ನಿಲ್ಲುತ್ತದೆ.

ಪರೀಕ್ಷೆ ಮಾಡಿಸಿ ಎಂದು ಹೇಳದೇ ಇದ್ದದ್ದು ಈಗ ಕಾನೂನಿನ ಕಣ್ಣಿನಲ್ಲೂ ಹಗುರದ ತಪ್ಪಲ್ಲ. ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೀಗೆ ದೃಷ್ಟಿ ಕಳೆದುಕೊಂಡ ಮಗುವಿನ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಮಗು ಗಾಜಿನ ಪೆಟ್ಟಿಗೆಯಿಂದ ಮನೆಗೆ ಹೊರಡುವಾಗ ಡಿಸ್ಚಾರ್ಜ್ ಕಾಗದದಲ್ಲಿ ಕಣ್ಣಿನ ಪರೀಕ್ಷೆಯ ತಾರೀಖು ಬರೆದಿದೆಯೇ ಎಂದು ನೋಡಿ, ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳುವ ಹಕ್ಕು ಪ್ರತಿ ಮನೆಗೂ ಇದೆ.

ಚಿಕಿತ್ಸೆ ಆಗಿ, ಕಣ್ಣು ಉಳಿದು, ಮಗು ಶಾಲೆಗೆ ಹೋದ ಮೇಲೂ ಈ ಫೈಲನ್ನು ಎಸೆಯುವಂತಿಲ್ಲ. ಕಲೆಯ ಅಂಚಿನಲ್ಲಿ ತೆಳುವಾದ ಪರದೆ ಹದಿಹರೆಯದಲ್ಲೋ ಆಮೇಲೋ ತೂತಾಗಿ ಕಳಚಬಹುದು. ಕಣ್ಣಿನ ಒತ್ತಡ ಏರಬಹುದು, ಪೊರೆ ಬೇಗ ಬರಬಹುದು. ಕಣ್ಣೆದುರು ಮಿಂಚು ಹೊಳೆದಂತೆ, ಕಪ್ಪು ಚುಕ್ಕೆ ತೇಲಿದಂತೆ, ಒಂದು ಬದಿಯಿಂದ ಕಪ್ಪು ತೆರೆ ಇಳಿದಂತೆ ಕಂಡರೆ ಅವತ್ತೇ ಹೋಗಬೇಕು. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ನೋಡಿಸಬೇಕು. ಆಗ ಎದುರಿನ ವೈದ್ಯರು ಹೊಸಬರಾಗಿರುತ್ತಾರೆ, ಮಗು ಯಾವ ವಾರಕ್ಕೆ ಹುಟ್ಟಿತು, ಎಷ್ಟು ತೂಕವಿತ್ತು, ಲೇಸರ್ ಆಯಿತೋ ಇಂಜೆಕ್ಷನ್ನೋ ಎಂದು ಕೇಳುತ್ತಾರೆ. ಆ ಉತ್ತರ ಹದಿನೆಂಟಾದ ಮಗನಿಗೋ ಮಗಳಿಗೋ ಗೊತ್ತಿರುವಂತೆ ಮನೆಯವರು ಮೊದಲೇ ಹೇಳಿಟ್ಟಿರಬೇಕು.